ದಾರಿಯಿಂದ ತಂದ ನಾಯಿಗೂ ಲೆಕ್ಕವಿರಲಿ

ನಮ್ಮ ಒಕ್ಕಲಿಗರ ಮನೆಗಳಲ್ಲಿ ಆಕಳು ಯಾವಾಗ ಗಬ್ಬವಾಯಿತು, ಯಾವಾಗ ಈಯಬೇಕು, ಕಾಲುಬಾಯಿ ಬೇನೆಯ ಲಸಿಕೆಯನ್ನು ಯಾವ ತಿಂಗಳಲ್ಲಿ ಹಾಕಿಸಿದ್ದು ಎಂದು ಕೇಳಿದರೆ ಮನೆಯ ಮುದುಕಿಯೂ ತಟ್ಟನೆ ಹೇಳಿಯಾಳು. ಅದೇ ಮನೆಯ ಅಂಗಳದಲ್ಲಿ ಮಲಗಿರುವ ನಾಯಿಗೆ ಎಷ್ಟು ವಯಸ್ಸು, ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದೆಯೇ, ಜಂತುಹುಳಕ್ಕೆ ಔಷಧ ಕೊಟ್ಟು ಎಷ್ಟು ದಿನವಾಯಿತು ಎಂದು ಕೇಳಿರಿ. ಹತ್ತರಲ್ಲಿ ಎಂಟು ಮನೆಯವರು ಕೊಡುವ ಉತ್ತರ ಒಂದೇ: “ಅದು ದಾರಿಯಿಂದ ಬಂದದ್ದು, ಹೀಗೇ ಇರ್ತದೆ.”

ಈ “ಹೀಗೇ ಇರ್ತದೆ” ಎಂಬ ಮಾತಿನ ಬಗೆಗೆ ನಾಲ್ಕು ಮಾತು ಹೇಳಬೇಕೆಂದು ಈ ಬರಹ. ದಾರಿಯಲ್ಲಿ ಬಿದ್ದ ಮರಿಯನ್ನು ಎತ್ತಿ ತರುವುದು ಒಳ್ಳೆಯ ಕೆಲಸ. ಅದನ್ನು ಯಾರೂ ಹಳಿಯಬಾರದು. ಆದರೆ ಒಂದು ಹಿಡಿ ಅನ್ನ ಹಾಕಿದ ಕೂಡಲೆ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯುವುದು ಆ ಪ್ರಾಣಿಗೂ ಒಳ್ಳೆಯದಲ್ಲ, ಮನೆಯ ಮಕ್ಕಳಿಗೂ ಒಳ್ಳೆಯದಲ್ಲ. ಕೊಟ್ಟಿಗೆಯ ದನಕ್ಕೆ ಇರುವ ಲೆಕ್ಕ, ಅಂಗಳದ ನಾಯಿಗೂ ಮಾಡಿನ ಬೆಕ್ಕಿಗೂ ಇರಬೇಕು.

ಗೋವೆಯಲ್ಲಿ ನೆಲೆಸಿದ ನಮ್ಮ ಕನ್ನಡಿಗರಲ್ಲಿ ಈ ವಿಷಯಕ್ಕೆ ಒಂದು ವಿಶೇಷ ಕಾರಣವೂ ಇದೆ. ಬಂದರು, ಗಣಿ, ಕಟ್ಟಡ ಕೆಲಸ, ಗೇರುಬೀಜದ ಕೊಯ್ಲು ಎಂದು ಘಟ್ಟದ ಮೇಲಿನಿಂದಲೂ ಕಾರವಾರದ ಕಡೆಯಿಂದಲೂ ಬಂದ ಕುಟುಂಬಗಳು ಬಾಡಿಗೆಯ ಕೋಣೆಗಳಲ್ಲಿ ಇರುತ್ತವೆ. ಮಕ್ಕಳು ಮರಿಯನ್ನು ತಂದು ಪ್ರೀತಿಯಿಂದ ಸಾಕುತ್ತಾರೆ. ಕೆಲಸ ಮುಗಿದು ಕುಟುಂಬ ಊರಿಗೆ ಹೊರಟಾಗ ನಾಯಿ ಅಲ್ಲಿಯೇ ಉಳಿಯುತ್ತದೆ. ಮಳೆಗಾಲದ ಮೊದಲ ವಾರದಲ್ಲಿ ಇಂಥ ನಾಯಿಗಳು ಒದ್ದೆಯಾಗಿ, ಹಸಿದು, ಶಾಲೆಯ ಪಡಸಾಲೆಗೆ ಬಂದು ನಿಲ್ಲುವುದನ್ನು ಕಾಣಕೋಣ ತಾಲೂಕಿನಲ್ಲಿ ಪಾಠ ಹೇಳುವ ನಾನು ವರ್ಷವೂ ನೋಡುತ್ತೇನೆ. ಅವುಗಳಲ್ಲಿ ಕೆಲವು ನಮ್ಮ ಗೇರು ತೋಟದ ಮನೆಗೂ ಬಂದು ಸೇರಿವೆ. ಈಗ ನಮ್ಮಲ್ಲಿ ಮೂರು ನಾಯಿ, ಎರಡು ಬೆಕ್ಕು. ಐದೂ ದಾರಿಯವೇ. ಆದುದರಿಂದ ಇಲ್ಲಿ ಹೇಳುವುದರಲ್ಲಿ ಓದಿದ್ದು ಅರ್ಧ, ಕಂಡದ್ದು ಅರ್ಧ.

ಮೊದಲು ಹುಚ್ಚುನಾಯಿ ರೋಗದ ಮಾತು. ಇದಕ್ಕೆ ರೇಬೀಸ್ ಎಂದು ಹೆಸರು. ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 59 ಸಾವಿರ ಜನರು ಇದರಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮನುಷ್ಯನಿಗೆ ತಗಲುವ ರೇಬೀಸು ನೂರಕ್ಕೆ 99 ಪಾಲು ನಾಯಿಯಿಂದಲೇ ಬರುತ್ತದೆ. ರೋಗದ ಲಕ್ಷಣ ತೋರಿದ ಮೇಲೆ ಉಳಿಸುವ ಔಷಧ ಇಂದಿಗೂ ಇಲ್ಲ. ಆದರೆ ಬಾರದಂತೆ ತಡೆಯುವ ಲಸಿಕೆ 1885ರಿಂದ ಇದೆ. ಆ ವರ್ಷದ ಜುಲೈ 6ರಂದು ಲೂಯಿ ಪಾಶ್ಚರರು ನಾಯಿ ಕಚ್ಚಿದ ಒಬ್ಬ ಹುಡುಗನಿಗೆ ಅದನ್ನು ಮೊದಲು ಕೊಟ್ಟರು. ತಡೆಯಲು ಬರುವ ರೋಗದಿಂದ ಒಂದು ಮಗು ಸಾಯುವುದೆಂದರೆ ಅದು ಹಣೆಬರಹವಲ್ಲ, ಅಲಕ್ಷ್ಯ.

ಗೋವೆಯು ಈ ವಿಷಯದಲ್ಲಿ ಒಂದು ಪಾಠವನ್ನು ಕಲಿಸಿದೆ. 2013ರಲ್ಲಿ ಭಾರತದಲ್ಲಿ ಕೆಲಸ ಸುರು ಮಾಡಿದ ಮಿಶನ್ ರೇಬೀಸ್ ಎಂಬ ಸಂಸ್ಥೆಯು 2014ರಿಂದ ಗೋವಾ ಸರಕಾರದ ಸಂಗಡ ಸೇರಿ ಊರೂರಿಗೆ ಹೋಗಿ ನಾಯಿಗಳಿಗೆ ಲಸಿಕೆ ಹಾಕಿತು. ಬಲೆ ಹಿಡಿದ ತಂಡದವರು ಬೀದಿಯ ನಾಯಿಯನ್ನು ಹಿಡಿದು, ಚುಚ್ಚಿ, ತಲೆಗೆ ಬಣ್ಣದ ಗುರುತು ಬಳಿದು ಬಿಡುತ್ತಿದ್ದರು. ಮನೆಯವರು ತಾವೇ ಹಿಡಿದು ಕೊಟ್ಟ ನಾಯಿಗಳೂ ಬಹಳ. ಅದರ ಸಂಗಡ ಶಾಲೆಗಳಲ್ಲಿ ಮಕ್ಕಳಿಗೆ ತಿಳಿವಳಿಕೆಯ ಪಾಠಗಳೂ ನಡೆದವು. ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆಂಬುದು ಇದರ ತಳಹದಿ. ಫಲವಾಗಿ ನಾಯಿಗಳಲ್ಲಿ ತಿಂಗಳಿಗೆ ಕಾಣುತ್ತಿದ್ದ ರೇಬೀಸ್ ಪ್ರಕರಣಗಳು ನೂರಕ್ಕೆ 92ರಷ್ಟು ಇಳಿದು, ಮನುಷ್ಯರ ಸಾವು ನಿಂತಿತೆಂದು 2022ರಲ್ಲಿ ‘ನೇಚರ್ ಕಮ್ಯುನಿಕೇಶನ್ಸ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚೆ, 2021ರಲ್ಲಿ, ಸರಕಾರವು ಗೋವೆಯನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಸಾರಿತ್ತು.

ಇಷ್ಟಾದ ಮೇಲೆ ನಮಗೇನು ಚಿಂತೆ ಎಂದು ಕೇಳುವವರಿದ್ದಾರೆ. ಚಿಂತೆ ಇದೆ. ನಾಯಿಮರಿಗಳು ಪ್ರತಿವರ್ಷ ಹುಟ್ಟುತ್ತವೆ, ಲಸಿಕೆಯು ತಾಯಿಯಿಂದ ಮರಿಗೆ ಆಸ್ತಿಯಂತೆ ಬರುವುದಿಲ್ಲ. ಪೋಳೆ ಮತ್ತು ಮಾಜಾಳಿಯ ನಡುವಿನ ತಪಾಸಣೆಯ ಠಾಣೆಯಲ್ಲಿ ಲಾರಿಯನ್ನು ನಿಲ್ಲಿಸಿಯಾರು, ನಾಯಿಯನ್ನು ನಿಲ್ಲಿಸಲಾರರು. ಈಚೆಗೆ ಸುಣೆಂ ಎಂದು ಕರೆಯಿಸಿಕೊಂಡದ್ದು ಆಚೆಗೆ ಹೋಗಿ ನಾಯಿ ಎಂದು ಕರೆಯಿಸಿಕೊಳ್ಳುತ್ತದೆ, ಅಷ್ಟೆ. ಗಡಿಯ ಹಳ್ಳಿಗಳಲ್ಲಿ ನಾವು ತಂದು ಸಾಕಿದ ಪ್ರತಿಯೊಂದು ನಾಯಿಗೂ ಲಸಿಕೆ ಬಿದ್ದರೆ ಅದೊಂದು ಬೇಲಿ. ಬೀಳದಿದ್ದರೆ ಅದೇ ಬೇಲಿಯಲ್ಲಿ ಕಂಡಿ.

ಕಚ್ಚಿದಾಗ ಮಾಡತಕ್ಕದ್ದನ್ನು ಪ್ರತಿಯೊಂದು ಮನೆಯಲ್ಲಿ ಬಾಯಿಪಾಠ ಮಾಡಿಸಬೇಕು. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಕಾಲು ಗಂಟೆ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ, ಅರಿಸಿನ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು. ಅದೇ ದಿನ ದವಾಖಾನೆಗೆ ಹೋಗಬೇಕು. ಹೊಟ್ಟೆಯ ಮೇಲೆ ಹದಿನಾಲ್ಕು ಸೂಜಿಯ ಹಳೆಯ ಹೆದರಿಕೆ ಇನ್ನು ಬೇಡ; ಆ ಹಳೆಯ ಲಸಿಕೆಯ ತಯಾರಿಕೆಯು ನಮ್ಮ ದೇಶದಲ್ಲಿ 2004ರಲ್ಲಿಯೇ ನಿಂತಿತು. ಈಗ ತೋಳಿಗೆ ಚುಚ್ಚುತ್ತಾರೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿ 3, 7, 28ನೆಯ ದಿನಗಳಂದು ಮತ್ತೆ ಹೋಗಬೇಕು. ರಕ್ತ ಬರುವ ಗಾಯವಾಗಿದ್ದರೆ ಗಾಯದ ಸುತ್ತಲೂ ಬೇರೊಂದು ಔಷಧವನ್ನು ಚುಚ್ಚುತ್ತಾರೆ, ಅದನ್ನು ತಪ್ಪಿಸಿಕೊಳ್ಳಬಾರದು. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡುವ ಪದ್ಧತಿ ಸರಿಯಾದದ್ದೇ, ಆದರೆ ಹತ್ತು ದಿನ ನೋಡಿ ಆಮೇಲೆ ಚುಚ್ಚಿಸಿಕೊಳ್ಳೋಣವೆಂಬುದು ಸರಿಯಲ್ಲ. “ಮರಿಯಲ್ಲವೇ, ಹಲ್ಲು ಸೋಂಕಿತು ಅಷ್ಟೆ” ಎಂದು ತಾಯಂದಿರು ಹೇಳುವುದನ್ನು ನಾನು ಕೇಳಿದ್ದೇನೆ. ಮರಿಗೂ ಈ ರೋಗ ಬರುತ್ತದೆ. ಮೇಲಾಗಿ ಮಕ್ಕಳು ಪೆಟ್ಟು ತಿನ್ನುವ ಹೆದರಿಕೆಯಿಂದ ಕಚ್ಚಿದ್ದನ್ನು ಮುಚ್ಚಿಡುತ್ತಾರೆ. ನಾಯಿಯ ಸಲುವಾಗಿ ಮಕ್ಕಳನ್ನು ಬೈಯದ ಮನೆಯಲ್ಲಿ ಮಗು ಬಂದು ನಿಜ ಹೇಳುತ್ತದೆ.

ಈಗ, ದಾರಿಯಿಂದ ಒಂದು ಪ್ರಾಣಿಯನ್ನು ತಂದಿರಿ ಎಂದಿಟ್ಟುಕೊಳ್ಳಿ. ಸಂತೆಯಿಂದ ಹೊಸ ಎತ್ತು ತಂದರೆ ಅದನ್ನು ಕೂಡಲೆ ಉಳಿದ ದನಗಳ ಗೋದಲಿಗೆ ಕಟ್ಟುತ್ತೀರಾ? ಇಲ್ಲ. ಹಾಗೆಯೇ ಹೊಸ ನಾಯಿಯನ್ನೂ ಹದಿನೈದು ದಿನ ಬೇರೆ ಇಡಬೇಕು. ಬೇರೆ ಪಾತ್ರೆ, ಬೇರೆ ಗೋಣಿ. ಅದನ್ನು ಮುಟ್ಟಿದ ಕೈಯನ್ನು ತೊಳೆದುಕೊಳ್ಳಬೇಕು. ಮೊದಲ ಎರಡು ದಿನದೊಳಗೆ ಪಶುವೈದ್ಯರಿಗೆ ತೋರಿಸಬೇಕು. ದೊಡ್ಡ ನಾಯಿಯಾದರೆ ರೇಬೀಸ್ ಲಸಿಕೆಯನ್ನು ತಡಮಾಡದೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದಂತೆ ಪುನಃ ಹಾಕಿಸುತ್ತ ಹೋಗಬೇಕು. ಮರಿಯಾದರೆ ಸಾಮಾನ್ಯವಾಗಿ ಮೂರು ತಿಂಗಳಿಗೆ ರೇಬೀಸಿನದು. ಅದಕ್ಕೂ ಮೊದಲು, ಆರರಿಂದ ಎಂಟು ವಾರದ ವಯಸ್ಸಿನಿಂದ, ಪಾರ್ವೋ ಮತ್ತು ಡಿಸ್ಟೆಂಪರ್ ಎಂಬ ಎರಡು ರೋಗಗಳನ್ನು ತಡೆಯುವ ಕೂಡು ಲಸಿಕೆಯನ್ನು ಮೂರು ನಾಲ್ಕು ವಾರಕ್ಕೊಮ್ಮೆ ಕೊಡಿಸಬೇಕು.

ಈ ಎರಡರ ಹೆಸರು ನಮ್ಮ ಹಳ್ಳಿಗಳಲ್ಲಿ ಹೊಸದು, ಆದರೆ ರೋಗ ಹೊಸದಲ್ಲ. “ಮರಿಗೆ ದೃಷ್ಟಿ ತಾಗಿತು, ರಕ್ತಭೇದಿಯಾಗಿ ಎರಡು ದಿನದಲ್ಲಿ ಸತ್ತಿತು” ಎಂದು ಹೇಳುತ್ತಾರಲ್ಲ, ಅದು ಹೆಚ್ಚಾಗಿ ಪಾರ್ವೋ. ವಾಂತಿ, ನಾರುವ ರಕ್ತಭೇದಿ, ಅನ್ನ ಮುಟ್ಟದಿರುವುದು ಇದರ ಲಕ್ಷಣ. ಮೊದಲ ದಿನವೇ ನರದ ಮೂಲಕ ಸಲಾಯಿನ್ ಕೊಡಿಸಿದರೆ ಬಹಳ ಮರಿಗಳು ಬದುಕುತ್ತವೆ. ಮೂರನೆಯ ದಿನ ಒಯ್ದರೆ ವೈದ್ಯರೇನು ಮಾಡಿಯಾರು? ಇದರ ವಿಷವು ಮಣ್ಣಿನಲ್ಲಿ ಎಷ್ಟೋ ತಿಂಗಳು ಉಳಿಯುತ್ತದೆ. ಮರಿ ಸತ್ತ ಜಾಗವನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆದು, ಲಸಿಕೆಯಾಗದ ಬೇರೆ ಮರಿಯನ್ನು ಅಲ್ಲಿ ಬಿಡಬಾರದು.

ಡಿಸ್ಟೆಂಪರಿನ ವೈರಾಣು ನಮ್ಮ ಹಿರಿಯರು ಹೆದರುತ್ತಿದ್ದ ದನಗಳ ದೊಡ್ಡ ರೋಗ, ಅಂದರೆ ರಿಂಡರ್‌ಪೆಸ್ಟಿನ ವೈರಾಣುವಿನ ದಾಯಾದಿ. ರಿಂಡರ್‌ಪೆಸ್ಟು ಬಂದರೆ ಊರಿನ ಕೊಟ್ಟಿಗೆಗಳೇ ಬರಿದಾಗುತ್ತಿದ್ದವು. ನಮ್ಮ ದೇಶದಲ್ಲಿ 1954ರಲ್ಲಿ ಅದರ ನಿರ್ಮೂಲನೆಯ ಕಾರ್ಯಕ್ರಮ ಸುರುವಾಯಿತು. 2011ರಲ್ಲಿ ಇಡೀ ಭೂಮಿಯಿಂದಲೇ ಅದು ಅಳಿದುಹೋಯಿತೆಂದು ಸಾರಲಾಯಿತು. ಮಂತ್ರದಿಂದ ಹೋಗಲಿಲ್ಲ, ಲಸಿಕೆಯಿಂದ ಹೋಯಿತು. ದನಕ್ಕೆ ನಂಬಿದ ಲಸಿಕೆಯನ್ನು ನಾಯಿಗೆ ನಂಬದಿರಲು ಕಾರಣವಿಲ್ಲ. ನಮ್ಮ ಮನೆಯ ಒಂದು ನಾಯಿ ಡಿಸ್ಟೆಂಪರು ಬಂದ ಮೇಲೆಯೇ ನಮ್ಮಲ್ಲಿಗೆ ಬಂದದ್ದು. ಜೀವ ಉಳಿಯಿತು, ಆದರೆ ಹಿಂಗಾಲು ಅದುರುವುದು ನಾಲ್ಕು ವರ್ಷವಾದರೂ ನಿಂತಿಲ್ಲ. ಅದು ಮೆಟ್ಟಿಲು ಹತ್ತಲಾರದು; ಅದಕ್ಕೆ ಅನ್ನವನ್ನು ಕೆಳಗೇ ಇಡುತ್ತೇವೆ, ಜಾರದಂತೆ ಗೋಣಿ ಹಾಸುತ್ತೇವೆ. ರಾತ್ರಿ ಕಾಡುಹಂದಿಯ ಸದ್ದನ್ನು ಮೊದಲು ಕೇಳಿ ಬೊಗಳುವುದು ಅದೇ. ಪೂರ್ತಿ ಗುಣವಾಗದ ಪ್ರಾಣಿಯ ಸಂಗಡ ಬಾಳುವುದು ಕಷ್ಟವೇನಲ್ಲ, ಅದರ ಮಿತಿಯನ್ನು ಮನೆಯವರೆಲ್ಲ ತಿಳಿದಿರಬೇಕು ಅಷ್ಟೆ.

ಮೂರನೆಯ ಮಾತು ಉಣ್ಣೆಯದು. ಕರಾವಳಿಯ ಸೆಕೆ ಮತ್ತು ತೇವದಲ್ಲಿ ಉಣ್ಣೆಗೆ ವರ್ಷವಿಡೀ ಸುಗ್ಗಿ. ಉಣ್ಣೆಯು ರಕ್ತ ಕುಡಿಯುವುದಲ್ಲದೆ ಜ್ವರವನ್ನೂ ತರುತ್ತದೆ. ನಾಯಿ ಮಂಕಾಗಿ ಮಲಗುವುದು, ಒಸಡು ಬಿಳಚುವುದು, ಮೂಗಿನಿಂದ ರಕ್ತ ಒಸರುವುದು, ಮೂತ್ರ ಕೆಂಪಾಗುವುದು ಕಂಡರೆ ರಕ್ತ ಪರೀಕ್ಷೆ ಮಾಡಿಸಬೇಕು. ನಮ್ಮ ಕರಿಯನಿಗೆ ಹೀಗೆ ಮೂಗಿನಿಂದ ರಕ್ತ ಬಂದಾಗ ವೈದ್ಯರು 28 ದಿನಗಳ ಗುಳಿಗೆ ಬರೆದರು. ಐದನೆಯ ದಿನಕ್ಕೇ ಅದು ಎದ್ದು ಓಡಾಡಿತು. ಇಲ್ಲಿಯೇ ಬಹಳ ಜನ ಗುಳಿಗೆ ನಿಲ್ಲಿಸುತ್ತಾರೆ. ತಿಂಗಳೊಳಗೆ ರೋಗ ಮರುಕಳಿಸುತ್ತದೆ. ಹಾಲಿನಲ್ಲಿ ಕೊಡಬೇಡಿರೆಂದು ವೈದ್ಯರು ಹೇಳಿದ್ದರಿಂದ ಮೀನಿನ ಅನ್ನದ ಉಂಡೆಯಲ್ಲಿ ಬಚ್ಚಿಟ್ಟು 28 ದಿನವೂ ಕೊಟ್ಟೆವು.

ಇನ್ನೊಂದು ಸಂಗತಿ. ನಾಯಿಯ ಕಂದು ಉಣ್ಣೆ ತನ್ನ ಆಯುಷ್ಯದ ಹೆಚ್ಚಿನ ಕಾಲವನ್ನು ಕಳೆಯುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಿನಲ್ಲಿ. ಒಂದು ಹೆಣ್ಣು ಉಣ್ಣೆ ಸಾವಿರಾರು ಮೊಟ್ಟೆ ಇಡುತ್ತದೆ. ಆದಕಾರಣ ನಾಯಿಗೆ ಮಾತ್ರ ಔಷಧ ಹಾಕಿ ಅದು ಮಲಗುವ ಜಾಗವನ್ನು ಬಿಟ್ಟರೆ ಕೆಲಸ ಅರ್ಧವಾದಂತೆ. ಬಿರುಕು ಮುಚ್ಚಿ, ಗೋಡೆಗೆ ಸುಣ್ಣ ಬಳಿದು, ಗೋಣಿಯನ್ನು ವಾರಕ್ಕೊಮ್ಮೆ ಕುದಿವ ನೀರಿನಲ್ಲಿ ಹಾಕಬೇಕು. ಕೈಯಿಂದ ಉಣ್ಣೆ ಹಿಸುಕಬಾರದು. ಕಾಡಿನ ಅಂಚಿನವರಿಗೆ ಇದು ಇನ್ನೂ ಮುಖ್ಯ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ 2015ರಲ್ಲಿ ಗೋವೆಯ ಸತ್ತರಿ ತಾಲೂಕಿಗೂ ಬಂತು. 2016ರಲ್ಲಿ ಗೇರು ತೋಟದ ಕೂಲಿಗೆ ಗೋವೆಗೆ ಹೋಗಿದ್ದ ಬೆಳಗಾವಿ ಜಿಲ್ಲೆಯವರಿಗೂ ತಗಲಿತು. ಅದನ್ನು ಹರಡುವುದು ಕಾಡಿನ ಉಣ್ಣೆ. ನಾಯಿಯನ್ನು ಅದಕ್ಕೆ ದೂರುವುದು ತಪ್ಪು. ಆದರೆ ಕಾಡು ಸುತ್ತಿ ಬಂದ ನಾಯಿಯ ಕೂದಲಿನಲ್ಲಿ ಕಾಡಿನ ಉಣ್ಣೆಯೂ ಬರಬಹುದಾದ್ದರಿಂದ ಅದನ್ನು ಹಾಸಿಗೆಯ ಹತ್ತಿರ ಬಿಡದಿರುವುದು ಲೇಸು.

ಮನೆಮದ್ದಿನ ವಿಷಯದಲ್ಲಿ ಕೆಲವು ಮಾತುಗಳನ್ನು ಒತ್ತಿ ಹೇಳಬೇಕಾಗಿದೆ. ಕಜ್ಜಿ ಹಿಡಿದ ನಾಯಿಗೆ ಮೋಟಾರಿನ ಸುಟ್ಟ ಎಣ್ಣೆ ಬಳಿಯುವವರಿದ್ದಾರೆ. ನಾಯಿ ಅದನ್ನು ನೆಕ್ಕುತ್ತದೆ, ಅದು ವಿಷ. ಹುಳ ಬಿದ್ದ ಗಾಯಕ್ಕೆ ನುಸಿಗುಳಿಗೆಯ ಪುಡಿ ತುಂಬುವುದೂ ವಿಷವೇ. ಜ್ವರ ಬಂತೆಂದು ನಮ್ಮ ಪ್ಯಾರಾಸಿಟಮಾಲ್ ಗುಳಿಗೆ ಕೊಡಬಾರದು. ಬೆಕ್ಕಿಗಂತೂ ಒಂದೇ ಗುಳಿಗೆ ಪ್ರಾಣ ತೆಗೆದೀತು. ದನದ ಉಣ್ಣೆಗೆ ಹಚ್ಚುವ ಔಷಧವನ್ನು ಅಳತೆಯಿಲ್ಲದೆ ನಾಯಿಗೆ ಹಚ್ಚಬಾರದು, ಬೆಕ್ಕಿಗೆ ಹಚ್ಚಲೇಬಾರದು. ಈರುಳ್ಳಿ ಹಾಕಿದ ಸಾರಿನ ಅನ್ನವನ್ನು ದಿನವೂ ಹಾಕಿದರೆ ರಕ್ತ ಕೆಡುತ್ತದೆ. ಮಾಂಸದಂಗಡಿಯ ಹಸಿ ಕರುಳು, ಪಿತ್ತಕೋಶ ಹಾಕಿದರೆ ನಾಯಿಯ ಹೊಟ್ಟೆಯಲ್ಲಿ ಒಂದು ಜಾತಿಯ ಲಾಡಿಹುಳ ಬೆಳೆದು, ಅದರ ಮೊಟ್ಟೆಗಳು ನಾಯಿಯ ಮಲದಿಂದ ಸೊಪ್ಪು ತರಕಾರಿಗೆ ಸೇರಿ, ಮನುಷ್ಯನ ಪಿತ್ತಕೋಶದಲ್ಲಿ ನೀರುಗುಳ್ಳೆಯಾಗಿ ಬೆಳೆಯುತ್ತವೆ. ಬೇಯಿಸದೆ ಹಾಕಬಾರದು, ಮೂರು ತಿಂಗಳಿಗೊಮ್ಮೆ ಹುಳದ ಔಷಧ ಕೊಡಬೇಕು.

ಹೆಣ್ಣು ನಾಯಿಯ ವಿಷಯವನ್ನು ಹೇಳಲು ನಮ್ಮವರು ನಾಚುತ್ತಾರೆ. ನಾಚಿಕೆಯಿಂದ ರೋಗ ಹೋಗುವುದಿಲ್ಲ. ಗೇರುಬೀಜದ ಕಾಲದಲ್ಲಿ ಬೆಟ್ಟದಲ್ಲಿ ಸಿಕ್ಕ ನಮ್ಮ ಕೆಂಚಿಗೆ ಹಿಂಭಾಗದಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಬೆದೆಗೆ ಬಂದಿದೆ ಎಂದರು ಕೆಲವರು, ಶಾಪವೆಂದರು ಕೆಲವರು. ಅದು ಬೀದಿನಾಯಿಗಳಲ್ಲಿ ಕೂಡುವುದರಿಂದ ಹರಡುವ ಗಡ್ಡೆ. ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಎಂಬ ಚುಚ್ಚುಮದ್ದು ಕೊಟ್ಟರು. ಐದನೆಯದಕ್ಕೆ ಗಡ್ಡೆ ಕರಗಿತು. ಆ ಔಷಧ ಮೂಲತಃ ಸಿಕ್ಕಿದ್ದು ನಮ್ಮ ಅಂಗಳದಲ್ಲಿ ಅರಳುವ ನಿತ್ಯಪುಷ್ಪದ ಗಿಡದಿಂದ. ಹಾಗೆಂದು ಯಾರೂ ಎಲೆ ಅರೆದು ಕುಡಿಸಲು ಹೋಗಬಾರದು. ಅದು ಕ್ಯಾನ್ಸರಿಗೆ ಕೊಡುವ ಬಲವಾದ ಔಷಧ, ಅಳತೆ ತಪ್ಪಿದರೆ ಕೊಲ್ಲುತ್ತದೆ. ಗುಣವಾದ ಮೇಲೆ ಕೆಂಚಿಗೆ ಸಂತಾನಹರಣದ ಶಸ್ತ್ರಕ್ರಿಯೆ ಮಾಡಿಸಿದೆವು. ದಾರಿಯಿಂದ ಒಂದನ್ನು ತಂದು, ಅದು ಈಯ್ದ ಆರು ಮರಿಗಳನ್ನು ಗೋಣಿಯಲ್ಲಿ ಕಟ್ಟಿ ಪಕ್ಕದ ಊರಿನ ಗದ್ದೆಯ ಬದುವಿನಲ್ಲಿ ಬಿಟ್ಟು ಬರುವುದಕ್ಕೆ ದಯೆಯೆಂಬ ಹೆಸರು ಸಲ್ಲದು.

ನೆರೆಯ ಒಕ್ಕಲಿಗರೊಬ್ಬರು ನನ್ನನ್ನು ಕೇಳಿದರು: “ಮಾಸ್ತರ್ರೇ, ಬೀದಿ ನಾಯಿ ಕಲ್ಲು ತಿಂದ್ರೂ ಕರಗಿಸ್ಕೊಳ್ತದೆ. ಅದಕ್ಕೆ ಡಾಕ್ಟರು ಯಾಕೆ?” ನಾನೆಂದೆ, “ಬೀದಿಯಲ್ಲಿ ಹುಟ್ಟಿದ ಹತ್ತು ಮರಿಯಲ್ಲಿ ನಿಮಗೆ ಕಾಣುವುದು ಉಳಿದುಕೊಂಡ ಎರಡು. ಸತ್ತ ಎಂಟನ್ನು ಯಾರು ಎಣಿಸಿದ್ದಾರೆ?” ಅವರು ನಕ್ಕು ಸುಮ್ಮನಾದರು. ಆದರೆ ಅವರ ಇನ್ನೊಂದು ಪ್ರಶ್ನೆ ನಗುವಂಥದಲ್ಲ: “ಖರ್ಚು ಯಾರು ಕೊಡ್ತಾರೆ?”

ಖರ್ಚಿದೆ, ನಿಜ. ಕೂಲಿಯ ಮನೆಗೆ 28 ದಿನದ ಗುಳಿಗೆ, ರಕ್ತ ಪರೀಕ್ಷೆ, ದೂರದ ದವಾಖಾನೆಗೆ ರಿಕ್ಷಾ ಬಾಡಿಗೆ ಸಣ್ಣ ಹೊರೆಯಲ್ಲ. ಆದರೆ ಲೆಕ್ಕವನ್ನು ಪೂರ್ತಿ ಹಾಕಬೇಕು. ಲಸಿಕೆಯ ಖರ್ಚು ಪಾರ್ವೋ ಚಿಕಿತ್ಸೆಯ ಖರ್ಚಿನ ಮುಂದೆ ಅಲ್ಪ. ಮನೆಯ ಒಬ್ಬರಿಗೆ ನಾಯಿ ಕಚ್ಚಿ ನಾಲ್ಕು ಸಲ ದವಾಖಾನೆಗೆ ಹೋಗಿಬರುವಾಗ ಕಳೆಯುವ ಕೂಲಿಯ ಮುಂದೆ ಇನ್ನೂ ಅಲ್ಪ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರಿಗೇ ಖರ್ಚು ಹೆಚ್ಚು. ಇಷ್ಟು ಮಾಡಲಾಗದ ಮನೆಯವರು ಪ್ರಾಣಿಯನ್ನು ತರದಿದ್ದರೆ ಅದು ಪಾಪವಲ್ಲ. ಗಾಯಗೊಂಡದ್ದನ್ನು ಕಂಡರೆ ಪಶುವೈದ್ಯ ದವಾಖಾನೆಗೋ ಪ್ರಾಣಿರಕ್ಷಣೆಯ ಸಂಸ್ಥೆಗೋ ತಿಳಿಸಿದರೂ ಅದು ಸೇವೆಯೇ. ಹತ್ತನ್ನು ತಂದು ಹತ್ತನ್ನೂ ಕಜ್ಜಿಯಲ್ಲಿ ಇಡುವುದಕ್ಕಿಂತ ಎರಡನ್ನು ತಂದು ಎರಡನ್ನೂ ಚೆನ್ನಾಗಿ ಇಡುವುದು ಮೇಲು.

ಶಿಕ್ಷಕರ ಟ್ರೇನಿಂಗಿನಲ್ಲಿ ನಮಗೆ ಕಲಿಸಿದ್ದೊಂದು ಮಾತು: ಪಾಠದ ಟಿಪ್ಪಣಿ ಬರೆಯದೆ ವರ್ಗಕ್ಕೆ ಹೋಗಬೇಡಿ. ಅದನ್ನೇ ಇಲ್ಲಿಗೂ ಹಚ್ಚುತ್ತೇನೆ. ಒಂದು ಹಳೆಯ ನೋಟುಬುಕ್ಕು ಸಾಕು. ಪ್ರಾಣಿಯ ಹೆಸರು, ತಂದ ದಿನ, ಲಸಿಕೆಯ ದಿನ, ಮುಂದಿನ ಲಸಿಕೆಯ ದಿನ, ಹುಳದ ಔಷಧ, ಬಂದ ರೋಗ, ಕೊಟ್ಟ ಗುಳಿಗೆ ಇಷ್ಟನ್ನು ಮನೆಯ ಶಾಲೆಯ ಮಗುವಿನಿಂದ ಬರೆಯಿಸಿರಿ. ನಮ್ಮ ವರ್ಗದಲ್ಲಿ ಹೀಗೆ ಬರೆಯುವ ಮಕ್ಕಳು ಈಗ ಹನ್ನೊಂದು ಜನರಿದ್ದಾರೆ. ಅವರ ಕನ್ನಡದ ಅಕ್ಷರವೂ ತಿದ್ದಿದೆ, ಅವರ ಮನೆಯ ನಾಯಿಗಳಿಗೆ ಲಸಿಕೆಯೂ ಬಿದ್ದಿದೆ.

ಪಂಚಾಯತಿಗಳಲ್ಲಿ ಒಂದು ವಿನಂತಿ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಗಡಿಯ ಈಚಿನ ಮತ್ತು ಆಚಿನ ಹಳ್ಳಿಗಳು ಒಂದೇ ವಾರದಲ್ಲಿ ನಾಯಿ ಬೆಕ್ಕುಗಳ ಲಸಿಕೆಯ ಶಿಬಿರವನ್ನು ಇಟ್ಟುಕೊಳ್ಳಲಿ. ಬಾಡಿಗೆಯ ಕೋಣೆಗಳಲ್ಲಿರುವ ಕೂಲಿಯವರಿಗೂ ಅವರ ಭಾಷೆಯಲ್ಲಿ ಸುದ್ದಿ ಮುಟ್ಟಲಿ. ಕೊಂಕಣಿಯಲ್ಲಿ ಮಾತ್ರ ಡಂಗುರ ಹೊಡೆದರೆ ಅವರು ಬರಲಾರರು. ಆ ಶಿಬಿರಕ್ಕೆ ನಾಯಿಯನ್ನು ಹಗ್ಗದಲ್ಲಿ ಹಿಡಿದು ತರುವ ಕೆಲಸವನ್ನು ಶಾಲೆಯ ದೊಡ್ಡ ಹುಡುಗರೂ ತಂದೆತಾಯಿಗಳೂ ಕೂಡಿ ಮಾಡಬಹುದು. ಊರೂರು ತಿರುಗಿ ಲಸಿಕೆ ಹಾಕಿದವರ ಹತ್ತು ವರ್ಷದ ದುಡಿಮೆಯನ್ನು ಕಾಯುವುದು ಈಗ ನಮ್ಮ ನಮ್ಮ ಅಂಗಳದ ಕೆಲಸ. ಈ ಪುಟದ ಓದುಗರು ಈ ಭಾನುವಾರ ತಮ್ಮ ಮನೆಯ ನಾಯಿಯ ಕಿವಿಯನ್ನು ಮಗುಚಿ ಉಣ್ಣೆಯಿದೆಯೇ ಎಂದು ನೋಡಲಿ, ಲಸಿಕೆ ಎಂದು ಹಾಕಿಸಿದ್ದೆಂದು ನೆನಪಿಸಿಕೊಳ್ಳಲಿ. ನೆನಪಾಗದಿದ್ದರೆ ಸೋಮವಾರ ದವಾಖಾನೆಯ ಬಾಗಿಲು ತೆರೆದಿರುತ್ತದೆ.